ಮಗಳೆದುರು ಒಂಬತ್ತನೆಯ ಸುತ್ತು

ನನ್ನ ಸೊಕ್ಕಿಗೆ ಒಂದು ಕಾಲದಲ್ಲಿ ನಾಲ್ಕು ಅಂಕೆಗಳ ಆಧಾರವಿತ್ತು. ಎರಡು ಸಾವಿರದ ನೂರಾ ಮೂವತ್ತೈದು. ಅದು ನನ್ನ ಚೆಸ್ ರೇಟಿಂಗ್. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿಯ ಗುಮಾಸ್ತನೊಬ್ಬನ ಹೆಸರು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬರುವುದು ತೊಂಬತ್ತರ ದಶಕದಲ್ಲಿ ಸಣ್ಣ ಮಾತಾಗಿರಲಿಲ್ಲ. ಈಗ ಹತ್ತು ವರ್ಷದ ಮಕ್ಕಳಿಗೂ ರೇಟಿಂಗ್ ಇರುತ್ತದೆ. ಆಗ ನಮ್ಮ ಕ್ಲಬ್ಬಿನಲ್ಲಿ ರೇಟಿಂಗ್ ಇದ್ದವರನ್ನು ಎಣಿಸಲು ಒಂದು ಕೈ ಸಾಕಿತ್ತು, ಅದರಲ್ಲೂ ಒಂದೆರಡು ಬೆರಳು ಮಿಗುತ್ತಿದ್ದವು.

ನಾನು ಬೆಳಗಾವಿ ಕಡೆಯವನು. ಮಾವನವರ ಪರಿಚಯದ ಮೇಲೆ ಆ ಅಂಗಡಿ ಸೇರಿದ್ದೆ. ಬೆಳಗಿನ ಸವಾಲು, ಅಂದರೆ ಬೆಲ್ಲದ ಹರಾಜು, ಹನ್ನೊಂದಕ್ಕೆಲ್ಲ ಮುಗಿಯುತ್ತಿತ್ತು. ಹಮಾಲರು ಲಾರಿ ತುಂಬಿ ಊಟಕ್ಕೆ ಹೋದರೆ, ಮಾಲೀಕರು ಗಾದಿಯ ಮೇಲೆ ಮಲಗಿದರೆ, ಒಂದರಿಂದ ನಾಲ್ಕರವರೆಗೆ ಬೆಲ್ಲಕ್ಕೆ ಮುತ್ತುವ ಜೇನುನೊಣಗಳನ್ನು ಬಿಟ್ಟು ನನಗೆ ಬೇರೆ ಜೊತೆಯಿರಲಿಲ್ಲ. ಆ ಮೂರು ತಾಸಿನಲ್ಲಿ ಬೆಲ್ಲದ ಪೆಟ್ಟಿಗೆಯ ಮೇಲೆ ಹಲಗೆ ಹರವಿಕೊಂಡು, ಹಳೇ ಪುಸ್ತಕಗಳ ಆಟಗಳನ್ನು ಒಂದೊಂದೇ ನಡೆ ನಡೆಸಿ ನೋಡುತ್ತಾ ಚೆಸ್ ಕಲಿತೆ. ಕಾಯಿಗಳಿಗೆ ಅಂಟು ಹತ್ತಿ, ಆನೆ ಎತ್ತಿದರೆ ಒಮ್ಮೊಮ್ಮೆ ಹಲಗೆಯೂ ಏಳುತ್ತಿತ್ತು.

ಸಂಜೆ ಕ್ಲಬ್ಬಿಗೆ ಹೋಗುತ್ತಿದ್ದೆ. ಕ್ಲಬ್ಬು ಅಂದರೆ ಒಂದು ಶಾಲೆಯ ಎರಡು ಕೋಣೆ. ನಿವೃತ್ತ ಗಣಿತದ ಮಾಸ್ತರರೊಬ್ಬರು ಅದನ್ನು ನಡೆಸುತ್ತಿದ್ದರು. ಮರಾಠಿ ಮನುಷ್ಯ, ಒಳ್ಳೆಯ ಮನಸ್ಸು, ಬಾಯಿ ಮಾತ್ರ ಕತ್ತರಿ. ನನಗೆ ರೇಟಿಂಗ್ ಬಂದ ಸುದ್ದಿಯನ್ನು ಅವರೇ ತಂದರು. ಆಗ ಪಟ್ಟಿ ವರ್ಷಕ್ಕೆ ಎರಡೇ ಸಲ ಬರುತ್ತಿತ್ತು. ಅದರ ಒಂದು ಪುಟವನ್ನು ಝೆರಾಕ್ಸ್ ಮಾಡಿಸಿ, ನನ್ನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು ಕೈಗೆ ಕೊಟ್ಟರು. ಮರುದಿನ ಇಡೀ ಸಾಲಿನ ಅಂಗಡಿಗಳಿಗೆ ಪೇಢೆ ಹಂಚಿದೆ. ಇದರಿಂದ ಪಗಾರ ಹೆಚ್ಚಾಗುತ್ತದೆಯೇ ಎಂದು ಮಾಲೀಕರು ಕೇಳಿದರು. ಇಲ್ಲ ಎಂದೆ. ಹಾಗಾದರೆ ಇನ್ನೊಂದು ಪೇಢೆ ಕೊಡು ಎಂದರು.

ಮುಂದಿನ ಎರಡು ವರ್ಷ ನಾನು ಏರುತ್ತಲೇ ಹೋದೆ. ರೇಟಿಂಗಿನ ಲೆಕ್ಕ ಸರಳ. ನಿಮಗಿಂತ ದೊಡ್ಡ ಸಂಖ್ಯೆಯವರನ್ನು ಸೋಲಿಸಿದರೆ ಬಹಳ ಅಂಕ ಸಿಗುತ್ತವೆ, ಸಣ್ಣವರನ್ನು ಸೋಲಿಸಿದರೆ ಚೂರುಪಾರು. ಸಣ್ಣವರ ಕೈಯಲ್ಲಿ ಸೋತರೆ ಮಾತ್ರ ಚರ್ಮ ಸುಲಿದ ಹಾಗೆ ಹೋಗುತ್ತವೆ. ಎರಡು ಸಾವಿರದ ನೂರಾ ಮೂವತ್ತೈದು ಮುಟ್ಟಿದ ದಿನ ನನಗೆ ಈ ಕೊನೆಯ ಮಾತು ಹೊಳೆಯಿತು. ಇನ್ನು ಎದುರಿಗೆ ಬರುವವರಲ್ಲಿ ಮುಕ್ಕಾಲು ಪಾಲು ನನಗಿಂತ ಸಣ್ಣವರೇ. ಗೆದ್ದರೆ ಸಿಗುವುದು ಅಷ್ಟಕ್ಕಷ್ಟೇ, ಸೋತರೆ ಹೋಗುವುದು ಬೆಟ್ಟದಷ್ಟು. ಅಂದ ಮೇಲೆ ಆಡುವುದಾದರೂ ಏಕೆ? ಚೆಸ್ ಆಡುವವರು ಮಾತ್ರ ಮಾಡಬಹುದಾದ ಈ ಮೂರ್ಖತನವನ್ನು ನಾನು ಒಂದೂವರೆ ವರ್ಷ ಮಾಡಿದೆ. ಟೂರ್ನಮೆಂಟಿಗೆ ಹೆಸರು ಕೊಡುವುದನ್ನೇ ಬಿಟ್ಟೆ. ಯಾರಾದರೂ ಕೇಳಿದರೆ ಬೆಲ್ಲದ ಸೀಜನ್ ಎನ್ನುತ್ತಿದ್ದೆ. ಬೆಲ್ಲಕ್ಕೆ ಸೀಜನ್ ಇರುವುದು ನಾಲ್ಕೈದು ತಿಂಗಳು, ನಾನು ಅದನ್ನು ಬಾರಾಮಾಸಿ ಮಾಡಿಬಿಟ್ಟೆ.

ರೇಟಿಂಗನ್ನು ಉಪ್ಪಿನಕಾಯಿ ಹಾಕಿ ಭರಣಿಯಲ್ಲಿಟ್ಟಿದ್ದೀರಿ ಎಂದು ಮಾಸ್ತರರು ಎಲ್ಲರ ಎದುರಿಗೇ ಅಂದರು. ಆ ಸಿಟ್ಟಿಗೆ ಮುಂದಿನ ಟೂರ್ನಮೆಂಟಿಗೆ ಹೆಸರು ಕೊಟ್ಟೆ. ಅಲ್ಲಿ ಆದದ್ದನ್ನು ಹೇಳಲು ಈಗಲೂ ಮೈ ಉರಿಯುತ್ತದೆ. ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗನೊಬ್ಬ, ಮೇಜಿಗೆ ಎಟುಕದೆ ಮೊಣಕಾಲೂರಿ ಕೂತವನು, ಇಪ್ಪತ್ತೆಂಟು ನಡೆಗಳಲ್ಲಿ ನನ್ನನ್ನು ಮುಗಿಸಿದ. ಮರುದಿನ ಇನ್ನೊಬ್ಬ. ಮೂರು ಟೂರ್ನಮೆಂಟುಗಳಲ್ಲಿ ಸುಮಾರು ನೂರು ಅಂಕ ಹೋದವು. ಪಟ್ಟಿಯಲ್ಲಿ ಏನೋ ಮೋಸವಿದೆ, ಈ ಮಕ್ಕಳ ಸಂಖ್ಯೆ ಸುಳ್ಳು ಎಂದು ಕ್ಲಬ್ಬಿನಲ್ಲಿ ಕೂಗಾಡಿದೆ.

ಮಾಸ್ತರರು ಕೂಗಾಟ ಮುಗಿಯುವವರೆಗೆ ಕಾದು, ಕರಿ ಹಲಗೆಯ ಮೇಲೆ ಎರಡು ಗೆರೆ ಎಳೆದರು. ಒಂದು ಏರುವುದು, ಒಂದು ಇಳಿಯುವುದು. ಸಂಖ್ಯೆ ಯಾವಾಗಲೂ ಮನುಷ್ಯನ ಹಿಂದೆ ನಡೆಯುತ್ತದೆ ಎಂದರು. ಮಗು ದಿನಾ ಬೆಳೆಯುತ್ತಿದೆ, ಅದರ ಸಂಖ್ಯೆ ಆರು ತಿಂಗಳ ಹಿಂದಿನದು, ಹಾಗಾಗಿ ಆಟಕ್ಕಿಂತ ಕಡಿಮೆ. ನೀವು ಆಡದೆ ತುಕ್ಕು ಹಿಡಿದಿದ್ದೀರಿ, ನಿಮ್ಮ ಸಂಖ್ಯೆಯೂ ಹಿಂದಿನದೇ, ಹಾಗಾಗಿ ಆಟಕ್ಕಿಂತ ಹೆಚ್ಚು. ಸುಳ್ಳು ಯಾರದ್ದೂ ಅಲ್ಲ, ಇಬ್ಬರದೂ ಹಳೇ ಸುದ್ದಿ, ಅಷ್ಟೇ. ಬೆಲ್ಲದ ದರ ಬಿದ್ದಾಗಲೆಲ್ಲ ಆವಕ ಹೆಚ್ಚಾಗಿದೆ, ಮತ್ತೆ ಏರುತ್ತದೆ ಎಂದು ರೈತರಿಗೆ ಸಮಾಧಾನ ಹೇಳುವವನು ನಾನು. ನನ್ನ ದರ ಬಿದ್ದಾಗ ಮಾತ್ರ ಆ ಸಮಾಧಾನ ನೆನಪಾಗಲಿಲ್ಲ. ಮಾಸ್ತರರ ಲೆಕ್ಕ ತಲೆಗೆ ಹೋಯಿತು, ಎದೆಗೆ ಇಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು.

ಅಷ್ಟರಲ್ಲಿ ಮಗಳು ದೊಡ್ಡವಳಾದಳು. ಒಬ್ಬಳೇ ಮಗಳು. ಅವಳಿಗೆ ನಾನು ಕುಳಿತು ಕಲಿಸಿದ್ದು ಕಡಿಮೆ. ನಾನು ರವಿವಾರ ಹಲಗೆ ಹಾಕಿಕೊಂಡು ಕೂತರೆ ಎದುರಿಗೆ ಬಂದು ಕೂರುತ್ತಿದ್ದಳು. ಎಂಟನೆಯ ವಯಸ್ಸಿಗೆ ಆಡತೊಡಗಿದಳು, ಸೋಲತೊಡಗಿದಳು. ಮನೆಯಲ್ಲಿ ನಾನು ಒಂದು ಆಟವನ್ನೂ ಬಿಟ್ಟುಕೊಟ್ಟಿಲ್ಲ. ಕೂಸು ಅಳುತ್ತದೆ, ಒಂದಾದರೂ ಗೆಲ್ಲಿಸಿ ಎಂದು ನನ್ನ ಹೆಂಡತಿ ಎಷ್ಟೋ ಸಲ ಜಗಳ ತೆಗೆದಳು. ನನ್ನಿಂದ ಆಗಲಿಲ್ಲ. ಇದರಲ್ಲಿ ಶಿಸ್ತಿನ ದೊಡ್ಡ ತತ್ವವೇನೂ ಇರಲಿಲ್ಲ, ನನಗೆ ಸೋಲುವುದು ಸೇರುವುದಿಲ್ಲ, ಅಷ್ಟೇ.

ಹನ್ನೆರಡಕ್ಕೆ ಬರುವ ಹೊತ್ತಿಗೆ ಅವಳು ಹೊರಗೆ ಗೆಲ್ಲತೊಡಗಿದ್ದಳು. ಹೊಸಬರಿಗೆ ಮೊದಲ ರೇಟಿಂಗ್ ಸಿಗಬೇಕಾದರೆ ರೇಟಿಂಗ್ ಇದ್ದವರೊಡನೆ ಇಂತಿಷ್ಟು ಆಟ ಆಡಿರಬೇಕು, ಎಲ್ಲ ಕೂಡಿಸಿ ಲೆಕ್ಕ ಹಾಕಿದಾಗ ಬರುವ ಸಂಖ್ಯೆ ಪಟ್ಟಿಯ ಕೆಳಮಿತಿಗಿಂತ ಮೇಲಿರಬೇಕು. ಎರಡು ವರ್ಷದಿಂದ ಅವಳು ಊರೂರು ಸುತ್ತಿ ಒಂದೊಂದೇ ಆಟ ಕೂಡಿಸುತ್ತಿದ್ದಳು. ಆ ವರ್ಷ ಸದಾಶಿವ ಪೇಠದ ಒಂದು ಮಂಗಲ ಕಾರ್ಯಾಲಯದಲ್ಲಿ, ಮದುವೆಯ ಛತ್ರದಲ್ಲಿ, ಒಂಬತ್ತು ಸುತ್ತಿನ ಟೂರ್ನಮೆಂಟ್ ಇತ್ತು. ಅದರ ಕೊನೆಯ ಸುತ್ತಿಗೆ ಬರುವಾಗ ಅವಳಿಗೆ ಇನ್ನೊಂದೇ ಆಟ ಬಾಕಿ ಇತ್ತು. ಹೇಗೂ ಐದು ದಿನ ಬಾಗಿಲಲ್ಲಿ ಕಾಯಬೇಕು, ಒಳಗೇ ಕೂತು ಆಡಿದರಾಯಿತು ಎಂದು ನಾನೂ ಹೆಸರು ಕೊಟ್ಟಿದ್ದೆ.

ಎಂಟು ಸುತ್ತು ಮುಗಿದ ಮೇಲೆ ರವಿವಾರ ಬೆಳಿಗ್ಗೆ ಗೋಡೆಗೆ ಕೊನೆಯ ಸುತ್ತಿನ ಹಾಳೆ ಅಂಟಿಸಿದರು. ಸಮ ಅಂಕ ಇದ್ದವರನ್ನು ಕಂಪ್ಯೂಟರು ಎದುರುಬದುರು ಕೂರಿಸುತ್ತದೆ. ಅದಕ್ಕೆ ಅಪ್ಪ ಗೊತ್ತಿಲ್ಲ, ಮಗಳು ಗೊತ್ತಿಲ್ಲ. ಹದಿನಾಲ್ಕನೆಯ ಮೇಜಿನಲ್ಲಿ ಬಿಳಿ ಕಾಯಿ ಅವಳಿಗೆ, ಕರಿ ಕಾಯಿ ನನಗೆ. ಒಂದೇ ಮನೆತನದ ಹೆಸರು ಒಂದೇ ಸಾಲಿನಲ್ಲಿ ಎರಡು ಸಲ ಇತ್ತು, ಜನ ಬೆರಳಿಟ್ಟು ನಗುತ್ತಿದ್ದರು.

ನಾನು ಲೆಕ್ಕ ಹಾಕಿದೆ. ಅವಳು ಗೆದ್ದರೆ ಸಂಖ್ಯೆ ಮಿತಿಗಿಂತ ತುಸು ಮೇಲೆ ಬರುತ್ತದೆ, ಹೆಸರು ಪಟ್ಟಿಗೆ ಸೇರುತ್ತದೆ. ಸಮ ಆದರೂ, ಸೋತರೂ ಮಿತಿಯ ಕೆಳಗೆ. ಕೂಡಿಸಿದ ಆಟಗಳು ಎರಡು ವರ್ಷದ ಮೇಲೆ ಲೆಕ್ಕಕ್ಕಿಲ್ಲ, ಆ ಅವಧಿ ಮುಗಿಯುತ್ತ ಬಂದಿತ್ತು, ಎರಡು ವರ್ಷದ ಶ್ರಮವೆಲ್ಲ ನೀರುಪಾಲು. ಇನ್ನೊಂದು ನಿಯಮವೂ ಇತ್ತು. ರೇಟಿಂಗ್ ಇಲ್ಲದವರೊಡನೆ ಆಡಿದ ಆಟ ರೇಟಿಂಗ್ ಇದ್ದವರ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ನಾನು ಸೋತರೆ ನನ್ನ ಒಂದು ಅಂಕವೂ ಹೋಗುವುದಿಲ್ಲ.

ಹೆಂಡತಿ ಬುತ್ತಿ ತಂದಿದ್ದಳು. ಈ ನಿಯಮ ಅವಳಿಗೆ ಯಾರು ಹೇಳಿದರೋ, ನನ್ನನ್ನು ಕೈಕಾಲು ತೊಳೆಯುವ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು.

"ನಿಮಗೇನೂ ಕಮ್ಮಿ ಆಗೂದಿಲ್ಲಂತ. ಒಂದ ಸಲಾ ಬಿಟ್ಟಕೊಡ್ರಿ. ಎರಡ ವರ್ಷಾ ಓಡ್ಯಾಡೇದ ಕೂಸು."

ನಾನು ಹೂಂ ಅಂದೆ. ಮನಸ್ಸಿನಿಂದಲೇ ಅಂದೆ. ಇಪ್ಪತ್ತನೆಯ ನಡೆಯ ಸುಮಾರಿಗೆ ಒಂದು ಕುದುರೆಯನ್ನು ಕಾವಲಿಲ್ಲದ ಜಾಗದಲ್ಲಿ ಮರೆತಂತೆ ಇಟ್ಟುಬಿಡುವುದು ಎಂದು ಅಲ್ಲಿಯೇ ಗೊತ್ತು ಮಾಡಿಕೊಂಡೆ. ತಿರುಗಿ ನೋಡಿದರೆ ಮಗಳು ನೀರಿನ ಬಾಟಲಿ ಹಿಡಿದು ಕಂಬದ ಹತ್ತಿರ ನಿಂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಕೈ ಕುಲುಕಿ ಗಡಿಯಾರ ಒತ್ತಿದೆವು. ಮೊದಲ ನಡೆಯಲ್ಲೇ ಅವಳು ರಾಜನ ಮುಂದಿನ ಪ್ಯಾದೆಯನ್ನು, ಅಂದರೆ ಕಾಲಾಳನ್ನು, ಎರಡು ಮನೆ ತಳ್ಳಿದಳು. ಇದು ದುಡುಕಿನ ಆಟ, ನಿನಗೆ ಒಗ್ಗುವುದಿಲ್ಲ, ನಿಧಾನದ ಆರಂಭ ಆಡು ಎಂದು ನಾನು ನೂರು ಸಲ ಹೇಳಿದ್ದೆ. ಬೇರೆ ಟೂರ್ನಮೆಂಟುಗಳಲ್ಲಿ ನನ್ನ ಮಾತು ಕೇಳಿದವಳು, ಇವತ್ತು ನನ್ನೆದುರಿಗೇ ಹೀಗೆ. ನನ್ನ ಕಿವಿ ಬಿಸಿಯಾಯಿತು. ಹತ್ತನೆಯ ನಡೆಯ ಹೊತ್ತಿಗೆ ಅವಳು ನನ್ನ ರಾಜನ ಕಡೆ ಕಾಯಿ ಸಾಲುಗಟ್ಟಿಸುತ್ತಿದ್ದಳು, ಅದೂ ನನ್ನ ಮುಖ ನೋಡದೆ. ಇಪ್ಪತ್ತನೆಯ ನಡೆ ಬಂತು, ಹೋಯಿತು. ಕುದುರೆಯನ್ನು ಬಿಟ್ಟುಕೊಡುವ ಮಾತು ನನಗೆ ನೆನಪಾಗಲೇ ಇಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು, ಕೈ ಏಳಲಿಲ್ಲ.

ಬದಲಿಗೆ ನಾನು ಬಲೆ ಹೂಡಿದೆ. ಪಕ್ಕದಲ್ಲಿದ್ದ ಒಂದು ಪ್ಯಾದೆಯ ಕಾವಲು ತೆಗೆದೆ, ನೋಡಿದವರಿಗೆ ಕೈತಪ್ಪಿ ಆದಂತೆ ಕಾಣಬೇಕು. ಅವಳ ವಜೀರ ಅದನ್ನು ತಿಂದರೆ, ಎರಡು ನಡೆಯಲ್ಲಿ ವಜೀರನಿಗೆ ಹಿಂತಿರುಗುವ ದಾರಿ ಮುಚ್ಚುತ್ತದೆ. ವಜೀರ ಹೋದರೆ ಆಟವೇ ಹೋದಂತೆ. ಹನ್ನೆರಡು ವರ್ಷದ ಸ್ವಂತ ಮಗಳಿಗೆ, ಅವಳ ಎರಡು ವರ್ಷ ಪಣಕ್ಕಿಟ್ಟ ದಿನ, ನಾನು ಹೂಡಿದ್ದು ಆ ಬಲೆ. ಹೂಡಿ, ನಾಚಿಕೆಯಿಲ್ಲದೆ ತಲೆಗೆ ಕೈಹಚ್ಚಿ, ತಪ್ಪು ಮಾಡಿದವನ ಹಾಗೆ ನಟನೆ ಬೇರೆ ಮಾಡಿದೆ.

ಅವಳು ಇಪ್ಪತ್ತು ನಿಮಿಷ ಯೋಚಿಸಿದಳು. ಜಡೆಯ ತುದಿ ಬಾಯಲ್ಲಿತ್ತು. ಆಮೇಲೆ ಆ ಪ್ಯಾದೆಯ ಕಡೆ ತಿರುಗಿಯೂ ನೋಡದೆ ತನ್ನ ರಾಜನನ್ನು ಒಂದು ಮನೆ ಮೂಲೆಗೆ ಸರಿಸಿದಳು. ಏನೂ ಅಲ್ಲದ ನಡೆ. ಬಲೆ ಹೂಡಲೆಂದು ನಾನು ನನ್ನ ಒಳ್ಳೆಯ ಕಾಯಿಗಳನ್ನೆಲ್ಲ ಒಂದು ಬದಿಗೆ ಒಯ್ದಿದ್ದೆ, ಈಗ ಇನ್ನೊಂದು ಬದಿ ಬಯಲಾಗಿ ಬಿದ್ದಿತ್ತು. ಅವಳು ಆ ಬಯಲಿಗೆ ಬಂದಳು.

ಒಂದು ಪ್ಯಾದೆ ಹೋಯಿತು, ಇನ್ನೊಂದು ಹೋಯಿತು. ಕೊನೆಗೆ ಉಳಿದದ್ದು ನನ್ನ ರಾಜ, ಒಂದು ಆನೆ. ಅವಳಿಗೂ ಅಷ್ಟೇ, ಜೊತೆಗೆ ಎರಡು ಪ್ಯಾದೆ. ಮಾನವಿದ್ದವನು ಅಲ್ಲಿ ಕೈ ಚಾಚಿ ಸೋಲೊಪ್ಪುತ್ತಾನೆ. ನಾನು ಇನ್ನೂ ಮೂವತ್ತು ನಡೆ ಎಳೆದಾಡಿದೆ. ಊಟದ ಹೊತ್ತು ಮೀರಿತು, ಬೇರೆ ಮೇಜುಗಳೆಲ್ಲ ಖಾಲಿಯಾಗಿ ಜನ ನಮ್ಮ ಸುತ್ತ ನಿಂತರು. ಕೊಟ್ಟಕೊನೆಗೆ ಒಂದು ಆಸೆ ಕಂಡಿತು. ನನ್ನ ರಾಜನಿಗೆ ಸರಿಯಲು ಒಂದು ಮನೆಯೂ ಉಳಿದಿರಲಿಲ್ಲ. ಈ ಸ್ಥಿತಿಯಲ್ಲಿ ನನ್ನ ಕೊನೆಯ ಆನೆಯನ್ನೂ ಅವಳು ತಿಂದುಬಿಟ್ಟರೆ ನನಗೆ ಆಡಲು ನಡೆಯೇ ಇರುವುದಿಲ್ಲ, ಆಟ ಸಮ. ಸಮ ಆದರೆ ಅವಳಿಗೆ ಎಲ್ಲ ಹೋದಂತೆ. ಅದು ಗೊತ್ತಿದ್ದೂ ಆನೆಯನ್ನು ಅವಳ ರಾಜನ ಬಾಯಿಗೇ ತಂದಿಟ್ಟೆ.

ಅವಳ ಕೈ ಆನೆಯವರೆಗೆ ಬಂತು. ಅಲ್ಲಿ ನಿಂತಿತು. ಹಿಂದೆ ಹೋಗಿ ಮಡಿಲಲ್ಲಿ ಕೂತಿತು. ಎರಡು ನಿಮಿಷದ ಮೇಲೆ ಅವಳು ಆನೆಯನ್ನು ತಿನ್ನದೆ ರಾಜನನ್ನು ಪಕ್ಕದ ಮನೆಗೆ ಸರಿಸಿದಳು. ಅಲ್ಲಿಗೆ ನನ್ನ ಚೀಲ ಖಾಲಿ. ಗಡಿಯಾರ ನಿಲ್ಲಿಸಿ ಸೋಲೊಪ್ಪಿದೆ.

ಆಮೇಲೆ ನಡೆದದ್ದೇ ನಿಜವಾದ ಸಂಕಟ. ಸುತ್ತ ನಿಂತವರು ಮರಾಠಿಯಲ್ಲಿ, ಅಪ್ಪ ಬಿಟ್ಟುಕೊಟ್ಟ ಎಂದು ಗುಸುಗುಸು ಮಾಡಿದರು. ಮಾಸ್ತರರು ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ಒಳ್ಳೆಯ ಕೆಲಸ ಮಾಡಿದಿರಿ ಎಂದರು. ನಾನು ನಿಜವಾಗಿ ಸೋತೆ ಎಂದೆ. ಅವರು ಕಣ್ಣು ಮಿಟುಕಿಸಿದರು. ಎಷ್ಟು ಅಲ್ಲಗಳೆದರೆ ಅಷ್ಟು ದೊಡ್ಡ ಮನಸ್ಸಿನವನಾಗುತ್ತ ಹೋದೆ. ಜೀವನದಲ್ಲಿ ಮೊದಲ ಸಲ ನನ್ನ ಸೋಲನ್ನು ನಂಬಿರೆಂದು ಜನರ ಕಾಲು ಹಿಡಿಯುವ ಸ್ಥಿತಿ ಬಂದಿತ್ತು, ಒಬ್ಬರೂ ನಂಬಲಿಲ್ಲ. ಮಗಳು ಫಲಿತಾಂಶದ ಚೀಟಿಗೆ ಸಹಿ ಮಾಡಿ, ತಲೆ ಎತ್ತದೆ ಚಪ್ಪಲಿ ಹುಡುಕಲು ಹೋದಳು.

ಐದಾರು ತಿಂಗಳ ಮೇಲೆ ಬಂದ ಪಟ್ಟಿಯಲ್ಲಿ ಅವಳ ಹೆಸರಿತ್ತು. ಸೈಬರ್ ಕೆಫೆಯಲ್ಲಿ ನೋಡಿ ಬಂದೆವು. ಆಮೇಲೆ ಅದು ನನ್ನ ಸಂಖ್ಯೆಯನ್ನು ದಾಟಿ ಹೋಯಿತು. ಕಾಲೇಜಿನ ವರ್ಷ ಧಡ್ಡನೆ ಇಳಿಯಿತು, ಮತ್ತೆ ಏರಿತು. ಇಳಿದಾಗ ಅವಳು ನನ್ನಂತೆ ಕೂಗಾಡಲಿಲ್ಲ, ಆಡುವುದನ್ನು ಬಿಡಲೂ ಇಲ್ಲ. ಅವೆಲ್ಲ ಸರಿ. ಆದರೆ ನನಗೆ ಹೇಳಬೇಕಾಗಿರುವುದು ಆ ರವಿವಾರ ಮಧ್ಯಾಹ್ನದ ಮಾತು.

ಮೂವರೂ ಒಂದೇ ಸ್ಕೂಟರಿನ ಮೇಲೆ ಮನೆಗೆ ಬಂದೆವು. ಹೆಂಡತಿ ಸಿಹಿ ಮಾಡುತ್ತೇನೆಂದು ಒಲೆ ಹಚ್ಚಿದಳು. ಮಗಳು ಬೇಡವೆಂದು ಗೋಡೆಗೊರಗಿ ಕೂತಳು. ನಾಳೆ ಹೋಗಿ ಟೂರ್ನಮೆಂಟಿನ ಪಂಚರಿಗೆ ಹೇಳುತ್ತಾಳಂತೆ, ಈ ಆಟ ಲೆಕ್ಕಕ್ಕೆ ಹಿಡಿಯಬೇಡಿ, ನನಗೆ ರೇಟಿಂಗ್ ಬೇಡ ಎಂದು.

"ಪಪ್ಪಾ, ಮುಂಜಾನೆ ಅವ್ವಗ ನೀವು ಹೂಂ ಅಂದಿದ್ರಿ."

"ಅಂದಿದ್ದೆ."

"ಮತ್ತ?"

"ಮತ್ತ ಆಟಕ್ಕ ಕೂತ ಮ್ಯಾಲೆ ಕೈ ಬರಲಿಲ್ಲ. ಖರೇನ ಸೋತೇನಿ."

ಅವಳು ನಂಬಲಿಲ್ಲ. ನಡೆ ಬರೆದ ಹಾಳೆ ತೆಗೆದು ಬಲೆ ತೋರಿಸಿದೆ, ತಿಂದಿದ್ದರೆ ನಿನ್ನ ವಜೀರ ಸಾಯುತ್ತಿದ್ದ, ಬಿಟ್ಟುಕೊಡುವವನು ಇಂಥದ್ದು ಹೂಡುತ್ತಾನೆಯೇ ಎಂದೆ. ನಾನು ತಿನ್ನುವುದಿಲ್ಲವೆಂದು ನಿಮಗೆ ಗೊತ್ತಿತ್ತು, ಇಂಥ ಪ್ಯಾದೆ ತಿನ್ನಬಾರದೆಂದು ಕಲಿಸಿದವರೇ ನೀವು ಎಂದಳು. ನಾನು ಹಾಳೆ ಮಡಚಿಟ್ಟೆ. ಹೆಂಡತಿ ಒಲೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದಳು. ಒಂದು ಹೂಂ ಎನ್ನುವ ಮಾತಿನಿಂದ ನಾನು ಮಗಳ ಗೆಲುವನ್ನು ಹೊಲಸು ಮಾಡಿದ್ದೆ. ಹೇಗೆ ತೊಳೆಯುವುದೆಂದು ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಹಲಗೆ ತಂದು ಹಾಸಿದಳು. ಒಂದು ಆಟ ಆಡೋಣ ಎಂದಳು. ಮಾತಾಡುವುದಕ್ಕಿಂತ ಇದು ವಾಸಿ ಎಂದು ನಾನೂ ಕೂತೆ. ನಾಲ್ಕು ನಡೆಯಾಗುವಷ್ಟರಲ್ಲಿ ನನಗೆ ಅವಳ ಹಟ, ಹೆಂಡತಿಯ ಅಳು, ಎಲ್ಲ ಮರೆತುಹೋಯಿತು. ಬೆಳಿಗ್ಗೆಯ ಸೇಡು ಮನಸ್ಸಿನಲ್ಲಿತ್ತು. ಹದಿನೈದು ನಡೆ ಆಗಿರಬೇಕು, ಅವಳು ಒಂದು ಆನೆಯನ್ನು ನನ್ನ ಒಂಟೆಯ ನೇರಕ್ಕೆ ತಂದಿಟ್ಟಳು. ಕಾವಲಿಲ್ಲದ ಆನೆ. ಕಣ್ಣಿಗೆ ಬಿದ್ದ ಕೂಡಲೇ ಒಂಟೆಯಿಂದ ಹೊಡೆದು, ಆನೆಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದೆ. ಮುಂಜಾನೆ ಗೆದ್ದ ಹಮ್ಮು ನೆತ್ತಿಗೇರಿದೆ, ಕಣ್ಣು ಎಲ್ಲಿಟ್ಟಿದ್ದೀಯ, ಇಂಥ ಆಟ ಆಡಿದರೆ ಪಟ್ಟಿಯಲ್ಲಿ ಹೆಸರು ಬಂದರೂ ಉಳಿಯುವುದಿಲ್ಲ ಎಂದು ರೇಗಿದೆ.

ಅವಳು ನಗುತ್ತಿದ್ದಳು. ಬೆಳಗಿನಿಂದ ಮೊದಲ ಸಲ.

"ತಗೋತೀರೋ ಇಲ್ಲೋ ನೋಡಬೇಕಿತ್ತು," ಎಂದಳು. "ನಿಮಗ ಬಿಟ್ಟಕೊಡಾಕ ಬರೂದ ಇಲ್ಲ, ಪಪ್ಪಾ."

ಎದ್ದು ಒಲೆಯ ಹತ್ತಿರ ಹೋಗಿ, ಹಸಿವಾಗಿದೆ ಎಂದು ಅವ್ವನ ಮುಂದೆ ತಟ್ಟೆ ಹಿಡಿದಳು. ರೊಟ್ಟಿ, ಪಲ್ಲೆ, ಮೇಲೆ ಶೇಂಗಾ ಚಟ್ನಿ. ಗಬಗಬ ತಿನ್ನತೊಡಗಿದಳು. ಹೆಂಡತಿ ನನ್ನ ಮುಖ, ಅವಳ ಮುಖ ನೋಡುತ್ತ ಏನಾಯಿತೆಂದು ತಿಳಿಯದೆ ನಿಂತಿದ್ದಳು. ನನ್ನ ಮುಷ್ಟಿಯಲ್ಲಿ ಆನೆ ಹಾಗೇ ಇತ್ತು.

"ಅಂದರ ಮುಂಜಾನೆ ಖರೇನ ಸೋತೀರಿ," ಎಂದಳು, ಬಾಯಲ್ಲಿ ರೊಟ್ಟಿ.

"ಹೌದು, ಸೋತೆ," ಎಂದೆ. ಅಷ್ಟು ಹೆಮ್ಮೆಯಿಂದ ನಾನು ಬೇರೆ ಯಾವ ಮಾತನ್ನೂ ಆಡಿದ್ದಿಲ್ಲ.